ಮರದ ಕಾಲದಲ್ಲಿ ಕಾಂಕ್ರೀಟಿನ ಮೈದಾನ

ಪ್ರಶ್ನೆ: ಅಮೆರಿಕದ ಅತ್ಯಂತ ಹಳೆಯ ವೃತ್ತಿಪರ ಬೇಸ್‌ಬಾಲ್ ಮೈದಾನ ಅಲಬಾಮಾದ ರಿಕ್‌ವುಡ್ ಫೀಲ್ಡ್ ಎಂದು ಓದಿದೆ. ಕೆಳದರ್ಜೆಯ ಲೀಗಿನ ಮೈದಾನವೊಂದು ಇಷ್ಟು ಕಾಲ ಉಳಿದದ್ದು ಹೇಗೆ?

ಉತ್ತರ: ಮುಖ್ಯ ಕಾರಣ ಅದರ ಕಟ್ಟಡದಲ್ಲೇ ಇದೆ. ಆಗಿನ ಸಣ್ಣ ಊರುಗಳ ಪ್ರೇಕ್ಷಕರ ಅಟ್ಟಣಿಗೆಗಳು ಬಹುಪಾಲು ಮರದವು. ಒಂದು ಕಿಡಿ ಬಿದ್ದರೆ ಬೂದಿಯಾಗುವಂಥವು. ಕಬ್ಬಿಣದ ಉದ್ಯಮದಿಂದ ಬೆಳೆದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಅದೇ ಉದ್ಯಮದ ಮನೆತನದ ರಿಕ್ ವುಡ್‌ವರ್ಡ್ ಊರಿನ ಬ್ಯಾರನ್ಸ್ ತಂಡವನ್ನು ಕೊಂಡ ಮೇಲೆ, 1909ರಲ್ಲಷ್ಟೇ ತೆರೆದಿದ್ದ ಫಿಲಡೆಲ್ಫಿಯಾದ ಶೈಬ್ ಪಾರ್ಕ್ ಮತ್ತು ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್‌ಗಳ ಮಾದರಿಯಲ್ಲಿ ಉಕ್ಕು, ಕಾಂಕ್ರೀಟುಗಳ ಮೈದಾನವನ್ನೇ ಕಟ್ಟಿಸಿದರು. ಅಂಕಣದ ವಿನ್ಯಾಸಕ್ಕೆ ಹೆಸರಾಂತ ತರಬೇತುದಾರ ಕಾನಿ ಮ್ಯಾಕ್ ಸಲಹೆ ನೀಡಿದರು. 1910ರ ಆಗಸ್ಟ್ 18ರಂದು ನಡೆದ ಮೊದಲ ಪಂದ್ಯದಲ್ಲಿ ಮೊದಲ ಚೆಂಡನ್ನು ಎಸೆದವರು ಸ್ವತಃ ಮಾಲೀಕರೇ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದರ ಆಕಾರ ಮೊದಲು ವಿಚಿತ್ರವೆನಿಸುತ್ತದೆ. ಬೇಸ್‌ಬಾಲ್‌ನಲ್ಲಿ ಬ್ಯಾಟ್ ಬೀಸುವವನು ನಿಲ್ಲುವುದು ಮೈದಾನದ ನಡುವೆಯಲ್ಲ, ಒಂದು ಮೂಲೆಯಲ್ಲಿ. ಆದ್ದರಿಂದ ಮಾಡು ಹೊದಿಸಿದ ಆಸನಗಳು ಆ ಮೂಲೆಯನ್ನು ತೋಳಿನಂತೆ ಬಳಸಿ ನಿಲ್ಲುತ್ತವೆ. ಎದುರು ದಿಕ್ಕಿನಲ್ಲಿ ಗೋಡೆ ಮಾತ್ರ. ಮುಂಭಾಗಕ್ಕೆ ಹಳೆಯ ಸ್ಪ್ಯಾನಿಷ್ ಚರ್ಚುಗಳನ್ನು ನೆನಪಿಸುವ ‘ಮಿಷನ್’ ಶೈಲಿಯ ಪ್ರವೇಶದ್ವಾರ 1928ರಲ್ಲಿ ಬಂತು. 1936ರ ದೀಪಸ್ತಂಭಗಳಂತೂ ನೋಡತಕ್ಕವು: ಉಕ್ಕಿನ ಗೋಪುರಗಳ ನೆತ್ತಿಯಿಂದ ದೀಪದ ಚೌಕಟ್ಟುಗಳು ಮಾಡನ್ನೂ ದಾಟಿ ಅಂಕಣದತ್ತ ಚಾಚಿಕೊಂಡಿವೆ. ಈಗಿನ ಬೇಲಿಯ ಹಿಂದೆ ಹಳೆಯ ಕಾಂಕ್ರೀಟ್ ಗೋಡೆ ಹಾಗೆಯೇ ನಿಂತಿದ್ದು, 1948ರಲ್ಲಿ ಬ್ಯಾರನ್ಸ್ ಆಟಗಾರ ವಾಲ್ಟ್ ಡ್ರೋಪೊ ಹೊಡೆದ ಚೆಂಡು ಬಡಿದ ಜಾಗದಲ್ಲಿ ‘ಎಕ್ಸ್’ ಗುರುತಿದೆ.

ಈ ಅಂದದ ಕಟ್ಟಡದಲ್ಲಿ ಜನಾಂಗಭೇದವೂ ಕೂತಿತ್ತೆಂಬುದನ್ನು ಮರೆಯಬಾರದು. ಬ್ಯಾರನ್ಸ್ ಪಂದ್ಯಗಳಿಗೆ ಬರುತ್ತಿದ್ದ ಕರಿಯರಿಗೆ ಬಲಬದಿಯ ತುದಿಯಲ್ಲಿ ಪ್ರತ್ಯೇಕ ಆಸನಗಳಿದ್ದವು; ಅದೇ ಅಂಕಣದಲ್ಲಿ ಕರಿಯರ ಲೀಗಿನ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ ಸ್ಯಾಚೆಲ್ ಪೇಜ್ ಚೆಂಡೆಸೆದರು, ಮುಂದೆ ಬೇಸ್‌ಬಾಲ್ ದಿಗ್ಗಜರಾದ ವಿಲ್ಲಿ ಮೇಸ್ ಹದಿಹರೆಯದಲ್ಲಿ, 1948ರಲ್ಲಿ, ಆಡಿದರು.

1987ರ ಬಳಿಕ ಬ್ಯಾರನ್ಸ್ ಹೊರವಲಯದ ಹೊಸ ಕ್ರೀಡಾಂಗಣಕ್ಕೆ ಹೋಯಿತು. ದೊಡ್ಡ ಲೀಗಿನ, ಅಂದರೆ ಮೇಜರ್ ಲೀಗಿನ, ತಂಡವಿದ್ದಿದ್ದರೆ ಹೆಚ್ಚು ಆಸನಗಳ ಆಸೆಗೆ ರಿಕ್‌ವುಡ್ ಎಂದೋ ನೆಲಸಮವಾಗುತ್ತಿತ್ತೆಂದು ನನ್ನ ಎಣಿಕೆ. ಶೈಬ್, ಫೋರ್ಬ್ಸ್ ಎರಡೂ ಇಂದು ಇಲ್ಲ. 1992ರಲ್ಲಿ ಹುಟ್ಟಿದ ‘ಫ್ರೆಂಡ್ಸ್ ಆಫ್ ರಿಕ್‌ವುಡ್’ ಸಂಘ ದುರಸ್ತಿಯ ಹೊಣೆ ಹೊತ್ತಿತು. 2024ರ ಜೂನ್ 20ರಂದು ಮೇಜರ್ ಲೀಗಿನ ಅಧಿಕೃತ ಪಂದ್ಯವೊಂದು ಇಲ್ಲಿ ನಡೆಯಿತು. ಅದಕ್ಕೆ ಎರಡೇ ದಿನ ಮೊದಲು ಮೇಸ್ ತೀರಿಕೊಂಡಿದ್ದರು.