ಹಾರುಬೂದಿಯ ಗೋಡೆ ಸೆಕೆಯನ್ನು ತಡೆಯುತ್ತದೆಯೇ?

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇನೆ. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿಯಿಂದ ಮಾಡಿದ ಇಟ್ಟಿಗೆ ಬಳಸಿದರೆ ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತದೆ ಎಂದು ನಮ್ಮ ಮೇಸ್ತ್ರಿ ಹೇಳುತ್ತಾರೆ. ಕಲ್ಲಿದ್ದಲಿನ ಬೂದಿಗೆ ಶಾಖ ತಡೆಯುವ ಗುಣವಿದೆಯೇ?
– ಓದುಗರೊಬ್ಬರು, ರಾಯಚೂರು

ಉತ್ತರ: ನೀವು ಯಾವ ಇಟ್ಟಿಗೆಯನ್ನು ಕೊಳ್ಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಬೂದಿಯನ್ನು ಯಂತ್ರದಲ್ಲಿ ಒತ್ತಿ ಮಾಡುವ ಸಾಮಾನ್ಯ ಹಾರುಬೂದಿ ಇಟ್ಟಿಗೆ ಸುಟ್ಟ ಇಟ್ಟಿಗೆಯಷ್ಟೇ ಭಾರವಾಗಿರುವುದರಿಂದ ಅದರಿಂದ ಹೆಚ್ಚಿನ ತಂಪನ್ನು ನಿರೀಕ್ಷಿಸುವಂತಿಲ್ಲ. ಶಾಖವನ್ನು ನಿಜವಾಗಿ ತಡೆಯುವುದು ಅದೇ ಬೂದಿಯಿಂದ ತಯಾರಾಗುವ, ಎಎಸಿ ಬ್ಲಾಕ್ ಎಂದು ಕರೆಯುವ ಹಗುರ ಇಟ್ಟಿಗೆ.

ನಮ್ಮ ದೇಶದ ಕಲ್ಲಿದ್ದಲನ್ನು ನೂರು ಕಿಲೋ ಸುಟ್ಟರೆ ಸಾಮಾನ್ಯವಾಗಿ 30ರಿಂದ 40 ಕಿಲೋ ಬೂದಿ ಉಳಿಯುತ್ತದೆ. ಇದರ ಬಹುಪಾಲು ಹೊಗೆಯೊಡನೆ ಮೇಲೇರುವ ನುಣುಪಾದ ಹಾರುಬೂದಿ. ಅದರಲ್ಲಿ ಮರಳಿನಲ್ಲಿರುವಂಥ ಸಿಲಿಕಾ ಹೇರಳವಾಗಿದೆ. ಎಎಸಿ ಬ್ಲಾಕ್ ಮಾಡಲು ಈ ಬೂದಿಗೆ ಸುಣ್ಣ, ಸಿಮೆಂಟ್, ಜಿಪ್ಸಂ ಮತ್ತು ನೀರು ಬೆರೆಸಿ, ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿ ಹಾಕಿದಾಗ, ಪುಡಿಯು ಸುಣ್ಣದ ಕ್ಷಾರದೊಡನೆ ವರ್ತಿಸಿ ಜಲಜನಕವನ್ನು ಬಿಡುತ್ತದೆ; ಇಡ್ಲಿ ಹಿಟ್ಟಿನಂತೆ ಇಡೀ ಮಿಶ್ರಣ ಉಬ್ಬಿ ಬರುತ್ತದೆ. ಅದನ್ನು ತಂತಿಯಿಂದ ಕತ್ತರಿಸಿ, ಸುಮಾರು 180ರಿಂದ 190 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಹಲವು ಗಂಟೆ ಬೇಯಿಸಿದರೆ, ಸಿಲಿಕಾ ಮತ್ತು ಸುಣ್ಣ ಸೇರಿ ಗಟ್ಟಿಯಾದ ಹರಳುಗಳಾಗುತ್ತವೆ. ಜಲಜನಕ ಹೊರಹೋದ ರಂಧ್ರಗಳಲ್ಲಿ ಗಾಳಿ ನೆಲೆಸುತ್ತದೆ. ಕದಲದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ನಿಮಗೆ ಸಿಗುವ ತಂಪು ಈ ಗಾಳಿಯದೇ, ಬೂದಿ ಅದನ್ನು ಹಿಡಿದಿಡುವ ಗೂಡು ಮಾತ್ರ. ಘನ ಮೀಟರಿಗೆ ಸುಮಾರು 600 ಕಿಲೋ ತೂಗುವ ಈ ಬ್ಲಾಕಿನ ಮೂಲಕ, ಅಷ್ಟೇ ದಪ್ಪದ ಸುಟ್ಟ ಇಟ್ಟಿಗೆಗೆ ಹೋಲಿಸಿದರೆ, ಹೆಚ್ಚುಕಡಿಮೆ ಮೂರನೆಯ ಒಂದು ಪಾಲಿನಷ್ಟು ಶಾಖ ಮಾತ್ರ ಹಾಯುತ್ತದೆ.

ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಗಾಳಿ ಬೀಸಿದಾಗ ಬೂದಿಹೊಂಡದಿಂದ ಎದ್ದು ಹೊಲ, ಮನೆಗಳ ಮೇಲೆ ಬೀಳಬಹುದಾದ ಬೂದಿ ಗೋಡೆಯೊಳಗೆ ಸೇರಿ ಉಪಯೋಗಕ್ಕೆ ಬರುವುದು ನನಗೆ ನಿಜಕ್ಕೂ ಸಮಾಧಾನ ತರುವ ಸಂಗತಿ.

ಆದರೆ ಒಂದು ಎಚ್ಚರಿಕೆ ಅಗತ್ಯ. ಈ ಬ್ಲಾಕುಗಳು ನೀರನ್ನು ಬೇಗ ಹೀರುತ್ತವೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ರಂಧ್ರಗಳಲ್ಲಿ ತೇವ ನಿಂತ ಗೋಡೆ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಹೊರಗೋಡೆಗೆ ಬಿರುಕಿಲ್ಲದ ಗಿಲಾವು ಮಾಡಿಸಿ, ತಳಪಾಯದಿಂದ ತೇವ ಏರದಂತೆ ನೋಡಿಕೊಳ್ಳಿ. ಒಂದೇ ಅಂತಸ್ತಿನ ಮನೆಯಾದರೆ ಬಿಸಿಲಿನ ದೊಡ್ಡ ಪಾಲು ತಾರಸಿಯಿಂದಲೇ ಇಳಿಯುತ್ತದೆ. ಗೋಡೆಗೆ ಹಣ ಹಾಕುವ ಮುನ್ನ ತಾರಸಿಗೂ ಶಾಖನಿರೋಧಕ ಪದರ ಹಾಕಿಸುವ ಬಗ್ಗೆ ಮೇಸ್ತ್ರಿಯವರೊಡನೆ ಮಾತನಾಡಿ.