ಗೋದಾಮಿನಲ್ಲಿಟ್ಟ ಹೆಲಿಕಾಪ್ಟರ್ ಬ್ಲೇಡ್ ಮೇಲೆ ಬಿಳಿ ಪುಡಿ ಬಂದಿದೆ, ಉಜ್ಜಿ ಬಣ್ಣ ಹೊಡೆದರೆ ಸಾಕಾ?

ಸಾಲದು. ದಯವಿಟ್ಟು ಈಗಲೇ ಎಮರಿ ಪೇಪರ್ ಕೈಗೆತ್ತಿಕೊಳ್ಳಬೇಡಿ.

ರಾಬಿನ್ಸನ್ ಆರ್-44 ಹೆಲಿಕಾಪ್ಟರ್‌ನ ಎರಡು ಮೇನ್ ಬ್ಲೇಡ್‌ಗಳನ್ನು ಪ್ಲಾಸ್ಟಿಕ್ ಸುತ್ತಿ, ಸಮುದ್ರದ ಹತ್ತಿರದ ಗೋದಾಮಿನಲ್ಲಿ ಎರಡು ಮಳೆಗಾಲ ಇಟ್ಟಿದ್ದೆವು ಎಂದಿದ್ದೀರಿ. ಈಗ ಬಿಳಿ ಪುಡಿ ಕಾಣುತ್ತಿದೆ, ತುದಿಯ ಕಡೆ ಬಣ್ಣ ಗುಳ್ಳೆ ಎದ್ದಿದೆ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರ್ ಮೇಂಟೆನೆನ್ಸ್‌ನಲ್ಲಿದ್ದೇನೆ. ಇದನ್ನು ಹಲವು ಸಲ ನೋಡಿದ್ದೇನೆ.

ಆ ಪುಡಿ ಹೊರಗಿನಿಂದ ಬಂದ ಕೊಳೆ ಅಲ್ಲ. ಬ್ಲೇಡ್‌ನ ಅಲ್ಯೂಮಿನಿಯಮ್ಮೇ ಪುಡಿಯಾಗಿದೆ. ಪುಡಿಯಾದಾಗ ಅದಕ್ಕೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಅದಕ್ಕೇ ಬಣ್ಣವನ್ನು ಮೇಲೆತ್ತುತ್ತದೆ. ಒರೆಸಿದರೆ ಹೋಗುತ್ತದೆ, ಆದರೆ ಕೆಳಗೆ ಸೂಜಿ ಚುಚ್ಚಿದಂಥ ಗುಂಡಿ ಉಳಿದಿರುತ್ತದೆ. ಆರ್-44ರ ರೋಟರ್ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತದೆ. ಒಂದು ಗಂಟೆ ಹಾರಿದರೆ 24,000 ಸುತ್ತು. ಪ್ರತಿ ಸುತ್ತಿನಲ್ಲೂ ಬ್ಲೇಡ್ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಬಿರುಕು ಹುಟ್ಟುವುದು ಅಂಥ ಗುಂಡಿಯಲ್ಲೇ.

ನನಗೆ ನಿಜವಾಗಿ ಭಯ ಇರುವುದು ಆ ಗುಳ್ಳೆಗಳ ಬಗ್ಗೆ. ಈ ಬ್ಲೇಡ್‌ನ ಮುಂದಿನ ಅಂಚು ಸ್ಟೇನ್‌ಲೆಸ್ ಸ್ಟೀಲ್ ಸ್ಪಾರ್, ಅಂದರೆ ಭಾರ ಹೊರುವ ಉದ್ದನೆಯ ತೊಲೆ. ಅದಕ್ಕೆ ತೆಳು ಸ್ಕಿನ್ (ಹೊರಹೊದಿಕೆಯ ತಗಡು) ಅನ್ನು ಅಂಟಿನಿಂದ ಕೂರಿಸಿದ್ದಾರೆ. ಎರಡೂ ಸೇರುವ ಗೆರೆ ಮುಂದಿನ ಅಂಚಿನಿಂದ ಸುಮಾರು ಒಂದು ಇಂಚು ಹಿಂದೆ ಇದೆ. ತುದಿಯ ಹತ್ತಿರ, ಕೆಳಮೈಯಲ್ಲಿ, ಅಲ್ಲಿನ ಬಣ್ಣ ಸವೆದರೆ ಅಂಟು ಬಯಲಾಗಿ ಸ್ಕಿನ್ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಇದನ್ನು ತಪಾಸಣೆ ಮಾಡಲೇಬೇಕೆಂದು ಕಡ್ಡಾಯ ಆದೇಶವನ್ನೇ ಹೊರಡಿಸಿತ್ತು. ಬಿಳಿ ಪುಡಿ ಬಂದಿದೆ ಎಂದರೆ ನಿಮ್ಮದು ಬಹುಶಃ ಅಲ್ಯೂಮಿನಿಯಂ ಸ್ಕಿನ್‌ನ ಬ್ಲೇಡ್, ಅದಕ್ಕೆ ಇನ್ನೊಂದು ತೊಂದರೆ ಇದೆ. ಸ್ಟೀಲು, ಅಲ್ಯೂಮಿನಿಯಂ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಕರಗುವುದು ಯಾವಾಗಲೂ ಅಲ್ಯೂಮಿನಿಯಮ್ಮೇ.

ಹಾಗಾಗಿ ಮೊದಲು ಸಿಹಿನೀರು, ಸೌಮ್ಯ ಸೋಪು, ಮೆತ್ತನೆ ಬಟ್ಟೆ. ಪ್ರೆಶರ್ ವಾಷರ್ ಬೇಡ, ಅದು ನೀರನ್ನು ಜೋಡಣೆಯ ಒಳಗೆ ತಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಆಮೇಲೆ ಒಂದು ನಾಣ್ಯದಿಂದ ಆ ಗೆರೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಅಂಟು ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ. ಬಿಟ್ಟಿದ್ದಲ್ಲಿ ಡಬ್ ಎಂದು ಸದ್ದು ಸಾಯುತ್ತದೆ. ಸ್ಕಿನ್ ಬಿಟ್ಟಿದ್ದರೆ ಆ ಬ್ಲೇಡ್ ಮುಗಿಯಿತು, ಅಂಟು ತುಂಬಿ ಸರಿ ಮಾಡುವ ಮಾತೇ ಇಲ್ಲ. ಭಾರತದ ವಾಯುಪಡೆ ಹಾರಿಸುವ ಮಿ-17 ಹೆಲಿಕಾಪ್ಟರ್‌ನ ಬ್ಲೇಡ್‌ನಲ್ಲಿ ಸ್ಪಾರ್ ಒಳಗೆ ಗಾಳಿ ತುಂಬಿರುತ್ತಾರೆ, ಬಿರುಕು ಬಿಟ್ಟು ಒತ್ತಡ ಇಳಿದರೆ ಕೆಂಪು ಗುರುತು ಹೊರಗೆ ಕಾಣುತ್ತದೆ. ನಿಮ್ಮ ಬ್ಲೇಡ್‌ಗೆ ಆ ಅನುಕೂಲ ಇಲ್ಲ. ಕಣ್ಣು, ಕಿವಿ, ನಾಣ್ಯ ಅಷ್ಟೇ.

ಮೇಲ್ಮೈಯ ಗುಂಡಿ ಮಾತ್ರ ಎಂದಾದರೆ ಡೆಪ್ತ್ ಗೇಜ್‌ನಲ್ಲಿ ಆಳ ಅಳೆಯಬೇಕು. ಮೇಂಟೆನೆನ್ಸ್ ಮ್ಯಾನ್ಯುಯಲ್‌ನಲ್ಲಿ ಯಾವ ಜಾಗದಲ್ಲಿ ಎಷ್ಟು ಆಳದವರೆಗೆ ಉಜ್ಜಬಹುದು ಎಂದಿರುತ್ತದೆ, ಅದರೊಳಗಿದ್ದರೆ ಮಾತ್ರ ಕೆಲಸ. ಅಲ್ಯೂಮಿನಿಯಂ ಆಕ್ಸೈಡ್ ಪೇಪರ್‌ನಿಂದ ಉದ್ದುದ್ದಕ್ಕೆ ಉಜ್ಜಿ ನುಣುಪು ಮಾಡಿ, ಅಲೋಡಿನ್ (ಅಲ್ಯೂಮಿನಿಯಂ ಕೆಡದಂತೆ ಕಾಯುವ ರಾಸಾಯನಿಕ ಲೇಪ), ಪ್ರೈಮರ್, ಬಣ್ಣ. ತಂತಿ ಬ್ರಶ್ಶು, ಸ್ಟೀಲ್ ವುಲ್ ಮುಟ್ಟಲೇಬೇಡಿ. ಅದರ ಕಬ್ಬಿಣದ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಹೊಸ ಗುಂಡಿ ಶುರು ಮಾಡುತ್ತದೆ. ಬಣ್ಣ ತೆಗೆಯುವ ಕೆಮಿಕಲ್ ಅಂತೂ ಅಂಟನ್ನೇ ತಿನ್ನುತ್ತದೆ. ಬಣ್ಣಕ್ಕೂ ತೂಕ ಇದೆ, ಆದ್ದರಿಂದ ಕೊನೆಗೆ ಟ್ರ್ಯಾಕ್ ಮತ್ತು ಬ್ಯಾಲೆನ್ಸ್ (ಎರಡೂ ಬ್ಲೇಡ್ ಒಂದೇ ಮಟ್ಟದಲ್ಲಿ, ಸಮತೂಕದಲ್ಲಿ ತಿರುಗುವಂತೆ ಹೊಂದಿಸುವುದು) ಮಾಡಿಸಲೇಬೇಕು. ಇದೆಲ್ಲಾ ಲೈಸೆನ್ಸ್ ಇರುವ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಮುಂದೆ ನಿಂತು, ಸಹಿ ಹಾಕಿ ಮಾಡಿಸುವ ಕೆಲಸ.

ಇನ್ನು ಇಡುವ ವಿಷಯ. ನಿಮ್ಮ ಬ್ಲೇಡ್ ಕೆಟ್ಟಿದ್ದು ಬಹುಶಃ ಆ ಪ್ಲಾಸ್ಟಿಕ್‌ನಿಂದಲೇ. ಬಿಸಿ ಅನ್ನ ಹಾಕಿ ಮುಚ್ಚಿದ ಡಬ್ಬಿಯ ಮುಚ್ಚಳದಲ್ಲಿ ನೀರು ಕೂರುತ್ತದೆ, ಅಲ್ವಾ? ಹಗಲಿನ ಸೆಕೆ, ರಾತ್ರಿಯ ತಂಪು, ಒಳಗೆ ದಿನವೂ ಅದೇ ನಡೆದಿದೆ. ಒಂದೋ ಗಾಳಿಯಾಡುವ ಹತ್ತಿ ಬಟ್ಟೆ ಹೊದಿಸಿ. ಇಲ್ಲವೇ ಪೂರ್ತಿ ಸೀಲ್ ಮಾಡಿ ಒಳಗೆ ಸಾಕಷ್ಟು ಸಿಲಿಕಾ ಜೆಲ್ ಇಟ್ಟು, ನೀಲಿ ಹರಳು ಗುಲಾಬಿಯಾದ ಕೂಡಲೇ ಬದಲಿಸಿ. ಸುಮ್ನೆ ಸುತ್ತಿಡುವುದು ಎರಡಕ್ಕಿಂತಲೂ ಕೆಟ್ಟದ್ದು.

ಕೆಳಗೆ ಏನು ಹಾಸುತ್ತೀರಿ ಎಂಬುದೂ ಮುಖ್ಯ. ನಾನು ಮೊದಲು ಕೆಲಸ ಮಾಡಿದ ಕಡೆ ಸ್ಟ್ಯಾಂಡ್ ಮೇಲೆ ಹಳೆ ಕಾರ್ಪೆಟ್ ತುಂಡು ಹಾಸಿ ಬ್ಲೇಡ್ ಮಲಗಿಸಿದ್ದೆವು. ಮಳೆಗಾಲ ಕಳೆದ ಮೇಲೆ ಮೇಲ್ಮೈ ಫಳಫಳ ಅನ್ನುತ್ತಿತ್ತು. ತಿರುಗಿಸಿದರೆ ಕಾರ್ಪೆಟ್ ತಾಗಿದ ಎರಡು ಕಡೆ ಮಾತ್ರ ಪಟ್ಟಿಯಂತೆ ಗುಂಡಿಗಳು. ಉಪ್ಪಿನ ತೇವ ಹೀರಿದ ಕಾರ್ಪೆಟ್ ತಿಂಗಳುಗಟ್ಟಲೆ ಲೋಹಕ್ಕೆ ಅಂಟಿಕೊಂಡಿತ್ತು. ಒಂದು ಬ್ಲೇಡ್ ಗುಜರಿಗೆ ಹೋಯಿತು. ಅಂದಿನಿಂದ ನಾನು ನೀರು ಹೀರದ ಫೋಮ್ ಬಿಟ್ಟು ಬೇರೇನೂ ಹಾಸಿಲ್ಲ. ಬುಡದ ಕಡೆಯ ಬುಶ್, ಬೇರಿಂಗ್ ಭಾಗಕ್ಕೆ ಮ್ಯಾನ್ಯುಯಲ್ ಹೇಳಿದ ತುಕ್ಕು ತಡೆಯುವ ದ್ರವ ಹಚ್ಚಿ. ತುದಿಯಲ್ಲಿ ನೀರು ಇಳಿಯುವ ತೂತಿದ್ದರೆ ಟೇಪ್ ಅಂಟಿಸಬೇಡಿ. ತಿಂಗಳಿಗೊಮ್ಮೆ ಬಿಚ್ಚಿ ನೋಡಿ.

ಖರ್ಚು ಮಾಡುವ ಮೊದಲು ಬ್ಲೇಡ್‌ನ ವಯಸ್ಸು, ಹಾರಿದ ಗಂಟೆ ಬರೆದಿಡುವ ಲಾಗ್ ಕಾರ್ಡ್ ತೆಗೆಯಿರಿ. ಆರ್-44 ಬ್ಲೇಡ್‌ಗೆ 2,200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದೇ ಮಿತಿ. ಪಾರ್ಟ್ ನಂಬರ್ ಏನು, ಗುಳ್ಳೆ ಮೇಲ್ಮೈಯಲ್ಲೋ ಕೆಳಮೈಯಲ್ಲೋ, ಮುಂದಿನ ಅಂಚಿನಿಂದ ಎಷ್ಟು ದೂರ ಎಂದು ಬರೆಯಿರಿ. ನೋಡಿ ಉತ್ತರ ಕೊಡುತ್ತೇನೆ. ಅಲ್ಲಿಯವರೆಗೆ ಆ ಪ್ಲಾಸ್ಟಿಕ್ ಒಂದನ್ನು ಕಿತ್ತು ಹಾಕಿ.