ಓದುಗರ ಪ್ರಶ್ನೆ: ಹುಳು ‘ಹೊಸದು’ ಎಂದು ಗೊತ್ತಾಗುವುದು ಹೇಗೆ?

ಪ್ರಶ್ನೆ: ದಕ್ಷಿಣ ಅಮೆರಿಕದ ಕ್ಯಾಡಿಸ್ ನೊಣಗಳು ಚಿತ್ರದಲ್ಲಿ ಎಲ್ಲವೂ ಒಂದೇ ಥರ ಕಂದಾಗಿ ಕಾಣುತ್ತವೆ. ಅವುಗಳಲ್ಲಿ ಹೊಸ ಪ್ರಭೇದ ಯಾವುದೆಂದು ಹೇಗೆ ತೀರ್ಮಾನಿಸುತ್ತಾರೆ?
— ಓದುಗರು, ಕಾರ್ಕಳ

ಉತ್ತರ: ಕ್ಯಾಡಿಸ್ ನೊಣವೆಂದರೆ ಪತಂಗದಂತೆ ಕಾಣುವ, ಮರಿ ನೀರಿನಲ್ಲಿ ಬೆಳೆಯುವ ಕೀಟ. ನಿಮ್ಮ ಮನೆ ಹೊಳೆಬದಿಯಲ್ಲಿದ್ದರೆ ಜಗಲಿಯ ದೀಪಕ್ಕೂ ಇಲ್ಲಿನ ಕ್ಯಾಡಿಸ್‌ಗಳು ಬರುತ್ತವೆ. ರೆಕ್ಕೆಯನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಮಡಚಿ, ಮೀಸೆಗಳನ್ನು ಮುಂದಕ್ಕೆ ಚಾಚಿ ಕೂರುತ್ತವೆ. ಪತಂಗದ ರೆಕ್ಕೆಯಲ್ಲಿ ಹುಡಿಯಂತೆ ಉದುರುವ ಹುರುಪೆ ಇದ್ದರೆ, ಇವುಗಳ ರೆಕ್ಕೆಯಲ್ಲಿ ಇರುವುದು ಕೂದಲು.

ಬಣ್ಣ ನೋಡಿ ಹೆಸರಿಡಲು ಆಗುವುದು ಅಪರೂಪ. ನಿರ್ಧಾರವೆಲ್ಲ ಗಂಡಿನ ಹೊಟ್ಟೆಯ ತುದಿಯ ಜನನಾಂಗದಲ್ಲಿದೆ: ಒಂಬತ್ತನೇ ಖಂಡದ ಅಂಚು, ಚಿಮಟದಂಥ ಉಪಾಂಗಗಳು, ಶಿಶ್ನದ ಒಳಗಿನ ಮುಳ್ಳುಗಳು. ಇವನ್ನು ಆ ಕುಲದಲ್ಲಿ ಈಗಾಗಲೇ ಹೆಸರು ಪಡೆದ ಪ್ರತಿಯೊಂದು ಪ್ರಭೇದದ ಜತೆ ಹೋಲಿಸಬೇಕು. ಮಧ್ಯ ಮತ್ತು ದಕ್ಷಿಣ ಅಮೆರಿಕ ಸೇರಿ ಗೊತ್ತಿರುವ ಪ್ರಭೇದಗಳೇ 3,000ಕ್ಕೂ ಹೆಚ್ಚು. ನಿಜವಾದ ದುಡಿಮೆ ಈ ಹೋಲಿಕೆಯಲ್ಲಿದೆ.

ಚಿತ್ರ ಬರೆಯುವಾಗ ಎಚ್ಚರ ಬೇಕು. ನೋಡಲೆಂದು ಗ್ಲಿಸರಿನ್‌ನಲ್ಲಿ ಇಟ್ಟ ಹೊಟ್ಟೆ ತುಸು ವಾಲಿದರೂ ಉಪಾಂಗ ಗಿಡ್ಡವಾಗಿ ಕಾಣುತ್ತದೆ. ಹಳೆಯ ಪ್ರಭೇದವೇ ‘ಹೊಸ’ದಾಗಿಬಿಡುತ್ತದೆ. ಪಕ್ಕದಿಂದ ನೋಡುವಾಗ ಎಡ-ಬಲ ಉಪಾಂಗಗಳು ಒಂದರ ಮೇಲೊಂದು ಸರಿಯಾಗಿ ಕೂತ ಮೇಲೆಯೇ ಪೆನ್ಸಿಲ್ ಹಿಡಿಯಬೇಕು.

ಪ್ರಶ್ನೆ: ಜನನಾಂಗ ಕಾಣುವಂತೆ ಸ್ನಾಯು ಕರಗಿಸಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ಇಟ್ಟ ಕ್ಯಾಡಿಸ್ ಹೊಟ್ಟೆ ಗಾಜಿನಂತಾಗಿ ಮುದುಡಿಹೋಯಿತು. ತಪ್ಪಿದ್ದೆಲ್ಲಿ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಹೊತ್ತು ಮೀರಿದೆ. 10% ದ್ರಾವಣ ಸ್ನಾಯುವನ್ನು ಕರಗಿಸಿದ ಮೇಲೂ ಸುಮ್ಮನಿರುವುದಿಲ್ಲ. ತೆಳು ಪೊರೆಗಳನ್ನೂ ಹಾಳುಮಾಡುತ್ತದೆ. ಬೇಗ ತೆಗೆದರೆ ಉಳಿದ ಸ್ನಾಯು ಒಳಗಿನ ಮುಳ್ಳುಗಳನ್ನು ಮರೆಮಾಡುತ್ತದೆ. 85% ಲ್ಯಾಕ್ಟಿಕ್ ಆಮ್ಲ ಬಳಸಿ ನೋಡಿ. ಹೊಟ್ಟೆಯನ್ನು ಬಿಡಿಸಿ ಪುಟ್ಟ ಗಾಜಿನ ಸೀಸೆಯಲ್ಲಿ ಮುಳುಗಿಸಿ, ಹೀಟಿಂಗ್ ಬ್ಲಾಕ್‌ನಲ್ಲಿ 125 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 20 ನಿಮಿಷ ಇಡಿ. ನೇರ ಉರಿ ಬೇಡ, ಆಮ್ಲ ಸಿಡಿಯುತ್ತದೆ. ತಣಿದ ಮೇಲೆ ಸಣ್ಣ ಸೂಜಿಯ ಸಿರಿಂಜಿನಿಂದ ನೀರು ಹಾಯಿಸಿ ಒಳಗಿನ ಮೆತ್ತನೆಯದನ್ನೆಲ್ಲ ಹೊರತಳ್ಳಿ. ಹತ್ತು ನಿಮಿಷ ಹೆಚ್ಚಾದರೂ ಇದರಲ್ಲಿ ಅಷ್ಟು ಹಾನಿಯಿಲ್ಲ.

ಹೊಟ್ಟೆ ಒಂದು ಸೀಸೆ, ಮೈ ಇನ್ನೊಂದು ಸೀಸೆ ಎಂದಾಗಕೂಡದು. ಹೊಟ್ಟೆಯಿರುವ ಕಿರುಸೀಸೆಯನ್ನು ಅದೇ ಹುಳುವಿನ 80% ಆಲ್ಕೋಹಾಲ್ ಸೀಸೆಯೊಳಗೇ ಇಡಿ. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್‌ಪೆನ್ ಶಾಯಿ ಆಲ್ಕೋಹಾಲ್‌ನಲ್ಲಿ ಕದಡುತ್ತದೆ. ಊರು, ತಾರೀಕು ಅಳಿದ ಹುಳು ಎಷ್ಟೇ ಅಪರೂಪದ್ದಾದರೂ ವ್ಯರ್ಥ.

ಪ್ರಶ್ನೆ: ಸೀತಾನದಿಯ ಕಲ್ಲಿನಡಿಯಲ್ಲಿ ಮರಳಿನ ಗೂಡು ಹೊತ್ತ ಹುಳು ಸಿಕ್ಕಿತು. ನಾನೇ ಹೆಸರಿಡಬಹುದೇ?
— ಓದುಗರು, ಹೆಬ್ರಿ

ಉತ್ತರ: ಅದು ಕ್ಯಾಡಿಸ್ ಮರಿ ಇರಬಹುದು, ಆದರೆ ಗೂಡನ್ನಷ್ಟೇ ನಂಬಬೇಡಿ. ಹೆಲಿಕೊಸೈಕಿ ಎಂಬ ಕ್ಯಾಡಿಸ್‌ನ ಮರಿ ಮರಳಿನಲ್ಲಿ ಶಂಖದಂಥ ಸುರುಳಿ ಕಟ್ಟುತ್ತದೆ. 1834ರಲ್ಲಿ ಚಿಪ್ಪುಜೀವಿಗಳ ತಜ್ಞ ಐಸಾಕ್ ಲೀ ಅಮೆರಿಕದ ಅಂಥ ಗೂಡೊಂದನ್ನು ಬಸವನಹುಳುವೆಂದೇ ವರ್ಣಿಸಿದ್ದರು. ಬೆಳೆದ ಗಂಡು ಸಿಗಬೇಕು. ಹೆಸರು ನಿಲ್ಲಬೇಕಾದರೆ ವರ್ಣನೆ ಪ್ರಕಟವಾಗಬೇಕು, ಆಧಾರವಾಗುವ ಒಂದು ಮಾದರಿಯನ್ನು ‘ಹೋಲೋಟೈಪ್’ ಎಂದು ಗೊತ್ತುಮಾಡಿ ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗಿದೆ ಎಂದು ತಿಳಿಸಬೇಕು. ಆನ್‌ಲೈನ್ ಪತ್ರಿಕೆಯಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಂತೆ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಗೆ ಒಪ್ಪಿಸಬೇಕು. ಸೋಮೇಶ್ವರ ಅಭಯಾರಣ್ಯದ ಒಳಗಿನ ಹೊಳೆಯಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಹುಳುವನ್ನೂ ಎತ್ತಬೇಡಿ. ಸದ್ಯಕ್ಕೆ ಫೋಟೋ ತೆಗೆದು, ಕಲ್ಲನ್ನು ಇದ್ದ ಹಾಗೆಯೇ ಮಗುಚಿಡಿ.